ನಿಮಗಿದು ಗೊತ್ತೇ? 92ಕ್ಕೆ ಮೊದಲ ಕವನ!

● ಜಪಾನಿನ ಷಿಬಾತಾ ತೊಯೊ ಕವನ ಬರೆಯಲು ಕೂತಾಗ ಅವರಿಗೆ 92 ವರ್ಷ. ಅಲ್ಲಿಯವರೆಗೆ ಅಜ್ಜಿಯ ಹುಚ್ಚೆಲ್ಲ ಜಪಾನಿ ಶಾಸ್ತ್ರೀಯ ನೃತ್ಯದ್ದು. ಬೆನ್ನುನೋವು ಬಂದು ಕುಣಿತ ನಿಂತಿತು; ಬೇಸರ ಕಳೆಯಲು ಕವನ ಬರೆಯುವಂತೆ ಹೇಳಿದ್ದು ಮಗ. ಪತ್ರಿಕೆಗೆ ಕಳಿಸಿದ ಕವನಗಳು ಅಚ್ಚಾಗತೊಡಗಿದವು. 2009ರಲ್ಲಿ, ತಮ್ಮ ಅಂತ್ಯಕ್ರಿಯೆಗೆಂದು ಕೂಡಿಟ್ಟಿದ್ದ ಹತ್ತು ಲಕ್ಷ ಯೆನ್ ತೆಗೆದು ಸ್ವಂತ ಖರ್ಚಿನಲ್ಲೇ ಸಂಕಲನ ಮಾಡಿಸಿದರು. ಮರುವರ್ಷ ಪ್ರಕಾಶಕರೊಬ್ಬರು ಅದನ್ನು ಕೈಗೆತ್ತಿಕೊಂಡರು. ಮಾರಾಟವಾದದ್ದು 15 ಲಕ್ಷಕ್ಕೂ ಹೆಚ್ಚು ಪ್ರತಿ! ಕವನಸಂಕಲನ ಹತ್ತು ಸಾವಿರ ಹೋದರೆ ಗೆದ್ದಂತೆ ಎನ್ನುವ ದೇಶವದು. (ನಮ್ಮಲ್ಲಿ ಐನೂರು ಖರ್ಚಾದರೆ ಕವಿ ಪೇಡ ಹಂಚುತ್ತಾನೆ.) ಎರಡನೆಯ ಸಂಕಲನ ಬಂದಿದ್ದು ನೂರು ತುಂಬಿದ ಮೇಲೆ. 2013ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು.

● ಜಪಾನಿನಲ್ಲೇ 2001ರಿಂದ 'ಸಿಲ್ವರ್ ಸೆನ್‌ರ್ಯು' ಎಂಬ ಸ್ಪರ್ಧೆ ನಡೆಯುತ್ತಿದೆ. ನಡೆಸುವವರು ವೃದ್ಧಾಶ್ರಮಗಳ ಸಂಘದವರು. ಐದು-ಏಳು-ಐದು, ಒಟ್ಟು ಹದಿನೇಳೇ ಉಚ್ಚಾರಗಳಲ್ಲಿ ಮುಪ್ಪಿನ ಮರೆವು, ಮಾತ್ರೆ, ಹಲ್ಲುಸೆಟ್ಟನ್ನು ಗೇಲಿ ಮಾಡಬೇಕು. ನಮ್ಮ ಚುಟುಕದ ದೂರದ ನೆಂಟ ಅನ್ನಿ.

● ಓದುಬರಹವೇ ಗೊತ್ತಿಲ್ಲದಿದ್ದರೆ? ದಕ್ಷಿಣ ಕೊರಿಯಾದ ಚಿಲ್ಗೊಕ್ ಎಂಬಲ್ಲಿನ ಹಳ್ಳಿ ಅಜ್ಜಿಯರನ್ನು ಕೇಳಬೇಕು. ಚಿಕ್ಕಂದಿನಲ್ಲಿ ಶಾಲೆಯ ಮುಖ ಕಾಣದ ಇವರು ಎಪ್ಪತ್ತು, ಎಂಬತ್ತು ದಾಟಿದ ಮೇಲೆ ಸಾಕ್ಷರತಾ ತರಗತಿಗೆ ಹೋದರು. ಅಕ್ಷರ ಕೂಡಿಸಲು ಬಂದದ್ದೇ ತಡ, ಕವನ ಶುರು. 2015ರಲ್ಲಿ ಸಂಕಲನ ಬಂತು. ಅದರ ಹೆಸರೇ 'ಕವಿತೆ ಅಂದ್ರೆ ಏನು?' ಎಂಬರ್ಥದ್ದು, ಅದೂ ಆಡುಮಾತಿನಲ್ಲಿ. 2020ರಲ್ಲಿ ಐವರು ಅಜ್ಜಿಯರ ಕೈಬರಹವನ್ನೇ ಕಂಪ್ಯೂಟರ್ ಫಾಂಟ್ ಮಾಡಲಾಯಿತು. ಒಬ್ಬೊಬ್ಬರೂ ತಿಂಗಳುಗಟ್ಟಲೆ ಕೂತು ಸುಮಾರು ಎರಡು ಸಾವಿರ ಹಾಳೆ ತಿದ್ದಿದ್ದರು. ಆ ಸೊಟ್ಟ ಅಕ್ಷರಗಳಲ್ಲಿ ಈಗ ಯಾರು ಬೇಕಾದರೂ ಟೈಪ್ ಮಾಡಬಹುದು.

● ಇಂಗ್ಲೆಂಡಿನ ಥಾಮಸ್ ಹಾರ್ಡಿ ಕಾದಂಬರಿಕಾರರೆಂದೇ ಹೆಸರಾದವರು. 1895ರ 'ಜೂಡ್ ದಿ ಅಬ್‌ಸ್ಕ್ಯೂರ್' ಕಾದಂಬರಿಗೆ ಸಿಕ್ಕಿದ್ದು ಬೈಗುಳದ ಸುರಿಮಳೆ. ಕಾದಂಬರಿಯ ಸಹವಾಸವೇ ಸಾಕೆಂದು, ಹರೆಯದಲ್ಲಿ ಬರೆದು ಬದಿಗಿಟ್ಟಿದ್ದ ಕವನಕ್ಕೆ ಮರಳಿದರು. 1898ರಲ್ಲಿ ಮೊದಲ ಸಂಕಲನ ಬಂದಾಗ ವಯಸ್ಸು 58. ಆಮೇಲೆ ನಿಲ್ಲಲೇ ಇಲ್ಲ. ಒಟ್ಟು ಒಂಬೈನೂರಕ್ಕೂ ಹೆಚ್ಚು ಕವನ. ಅವುಗಳಲ್ಲಿ ಶ್ರೇಷ್ಠವಾದವು ಹುಟ್ಟಿದ್ದು 72 ದಾಟಿದ ಮೇಲೆ, ಮಾತುಕತೆ ಕಡಿಮೆಯಾಗಿದ್ದ ಹೆಂಡತಿ ತೀರಿಕೊಂಡಾಗ. ಬೈದ ವಿಮರ್ಶಕರಿಗೆ ಒಂದು ಥ್ಯಾಂಕ್ಸ್ ಹೇಳಲೇಬೇಕು.

● ಪರಂಪರೆಯ ಕಥೆ ನಂಬುವುದಾದರೆ, ಪುರಂದರದಾಸರೂ ನಡುವಯಸ್ಸಿನವರೆಗೆ ಚಿನ್ನ, ಬಡ್ಡಿ ಲೆಕ್ಕದಲ್ಲಿದ್ದ ನವಕೋಟಿ ನಾರಾಯಣ. ತಂಬೂರಿ ಕೈಗೆ ಬಂದದ್ದು ಆಮೇಲೆ. ಡಿವಿಜಿ ಮೊದಲಿನಿಂದಲೂ ಬರೆಯುತ್ತಿದ್ದವರೇ. ಆದರೂ 'ಮಂಕುತಿಮ್ಮನ ಕಗ್ಗ' ಹೊರಬಂದಾಗ (1943) ಅವರಿಗೆ 56. ಮೂವತ್ತರಲ್ಲಿ ಕಗ್ಗ ಬರೆಯಲಾಗುತ್ತಿತ್ತೇ? ನನಗಂತೂ ಅನುಮಾನ.

● ವಿಜ್ಞಾನ ಏನನ್ನುತ್ತದೆ? 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮಾಹಿತಿಯನ್ನು ಥಟ್ಟನೆ ಗ್ರಹಿಸುವ ಚುರುಕು 18-19ಕ್ಕೇ ತುದಿ ಮುಟ್ಟುತ್ತದೆ. ಪದಸಂಪತ್ತು ತುದಿ ಮುಟ್ಟುವುದು ಮಾತ್ರ ಅರುವತ್ತರ ದಶಕದ ಕೊನೆಗೆ ಇಲ್ಲವೇ ಎಪ್ಪತ್ತರ ಆರಂಭಕ್ಕೆ. ಅಂದರೆ ಪೆನ್ಷನ್ ಜೊತೆಗೇ.

● ಶಿಲ್ಪಿ ಮೈಕೆಲೇಂಜಲೋ ಮುನ್ನೂರಕ್ಕೂ ಹೆಚ್ಚು ಕವನ ಬರೆದಿದ್ದಾನೆ. ಹೆಚ್ಚಿನವು ಐವತ್ತೈದು ದಾಟಿದ ಮೇಲಿನವು. ಕೈಗೆ ಸಿಕ್ಕ ಕಾಗದದ ಹಿಂಬದಿ, ಚಿತ್ರದ ಹಾಳೆಯ ಅಂಚು, ಎಲ್ಲೆಂದರಲ್ಲಿ ಗೀಚಿದ. ಅವು ಪುಸ್ತಕವಾದದ್ದು 1623ರಲ್ಲಿ, ಅವನು ಸತ್ತು 59 ವರ್ಷಗಳ ನಂತರ. ಅದಕ್ಕಾಗಿ ಮನೆಯವನೊಬ್ಬ ಹಳೆಯ ಕಾಗದಗಳನ್ನೆಲ್ಲ ಹುಡುಕಬೇಕಾಯಿತು.

ನಿಮ್ಮ ಮನೆಯಲ್ಲೂ ಅಪ್ಪನ ಹಳೇ ಡೈರಿಯಲ್ಲೋ, ಅಜ್ಜಿ ಎತ್ತಿಟ್ಟ ಲಗ್ನಪತ್ರಿಕೆಯ ಬೆನ್ನ ಮೇಲೋ ನಾಲ್ಕು ಸಾಲು ಇರಬಹುದು. ರದ್ದಿಯವನಿಗೆ ಕೊಡುವ ಮುಂಚೆ ಒಮ್ಮೆ ತಿರುಗಿಸಿ ನೋಡಿ.