ಪಂಪ್‌ಸೆಟ್ ಸ್ಟಾರ್ಟರ್ ಬೋರ್ಡಿನಲ್ಲಿ ಹೆಸರು ತಿಳಿಯದ ಬಿಡಿಭಾಗವನ್ನು ಗುರುತಿಸುವ ಬಗ್ಗೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳಲ್ಲಿ ಕೊಳವೆಬಾವಿಯ ಮೂರು ಫೇಸ್ ಮೋಟಾರುಗಳಿಗೆ ಅಳವಡಿಸುವ ಆಟೋ ಸ್ಟಾರ್ಟರ್ ಮತ್ತು ಸಿಂಗಲ್ ಫೇಸಿಂಗ್ ಪ್ರಿವೆಂಟರ್‌ಗಳ ಒಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ. ಒಂದು ಫೇಸ್ ತಪ್ಪಿದಾಗ ಮೋಟಾರನ್ನು ನಿಲ್ಲಿಸುವುದು ಅದರ ಮುಖ್ಯ ಕೆಲಸ. ಸುಟ್ಟ ಬಿಡಿಭಾಗದ ಜಾಗದಲ್ಲಿ ಊಹೆಯ ಮೇಲೆ ಬೇರೊಂದನ್ನು ಕೂರಿಸಿದಲ್ಲಿ, ಬೋರ್ಡು ಸರಿಯಾದಂತೆ ಕಂಡರೂ ಫೇಸ್ ತಪ್ಪಿದ ದಿನ ಮೋಟಾರು ಉಳಿದೆರಡು ಫೇಸ್‌ಗಳಲ್ಲಿಯೇ ಹೆಚ್ಚು ಕರೆಂಟ್ ಎಳೆದು ಸುಡಬಹುದು. ಮೋಟಾರನ್ನು ಮೇಲೆತ್ತಿಸಿ ರಿವೈಂಡಿಂಗ್ ಮಾಡಿಸುವ ಖರ್ಚಿನ ಮುಂದೆ ಆ ಬಿಡಿಭಾಗದ ಬೆಲೆ ಲೆಕ್ಕಕ್ಕೇ ಇಲ್ಲ.

ಬೋರ್ಡಿನ ಕೆಲವು ಭಾಗಗಳು ನೇರವಾಗಿ ಲೈನಿಗೆ ಸೇರಿರುವುದುಂಟು. ಆದ್ದರಿಂದ ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ತೆಗೆದು, ಕೆಪಾಸಿಟರ್‌ಗಳಲ್ಲಿ ಉಳಿದಿರುವ ಚಾರ್ಜ್ ಇಳಿದ ನಂತರವೇ ಬೋರ್ಡನ್ನು ಮುಟ್ಟತಕ್ಕದ್ದು.

ಬೋರ್ಡಿನ ಮೇಲ್ಮೈಗೇ ಬೆಸುಗೆ ಹಾಕಿದ ಇಂತಹ ಬಿಡಿಭಾಗಗಳು ಅಕ್ಕಿಕಾಳಿಗಿಂತಲೂ ಚಿಕ್ಕದಾಗಿರಬಹುದು. ಮೊದಲು ಅದರ ಪಕ್ಕದಲ್ಲಿ ಮುದ್ರಿಸಿರುವ ಅಕ್ಷರವನ್ನು ಭೂತಗನ್ನಡಿಯಿಂದ ನೋಡಬೇಕು: ಸಾಮಾನ್ಯವಾಗಿ ಆರ್ ಎಂದರೆ ರೆಸಿಸ್ಟರ್, ಸಿ ಎಂದರೆ ಕೆಪಾಸಿಟರ್, ಡಿ ಎಂದರೆ ಡಯೋಡ್, ಕ್ಯೂ ಎಂದರೆ ಟ್ರಾನ್ಸಿಸ್ಟರ್, ಯು ಎಂದರೆ ಐಸಿ. ರೆಸಿಸ್ಟರ್ ಓದುವುದು ಸುಲಭ. 472 ಎಂದಿದ್ದರೆ 47ರ ಮುಂದೆ ಎರಡು ಸೊನ್ನೆ, ಅಂದರೆ 4,700 ಓಮ್.

ತೊಡಕು ಇರುವುದು ಮೂರು ಕಾಲಿನ ಕಪ್ಪು ಬಿಡಿಭಾಗಗಳಲ್ಲಿ. ಸುಮಾರು 3 ಮಿ.ಮೀ. ಉದ್ದದ ಮೈಮೇಲೆ ಪೂರ್ಣ ಹೆಸರಿಗೆ ಸ್ಥಳವಿಲ್ಲದ ಕಾರಣ ತಯಾರಕರು ಎರಡು ಮೂರು ಅಕ್ಷರಗಳ ಸಂಕೇತವನ್ನು ಮಾತ್ರ ಹಾಕುತ್ತಾರೆ. 1ಎಎಂ ಎಂಬುದು ಸಾಮಾನ್ಯವಾಗಿ 3904 ಎಂಬ ಎನ್‌ಪಿಎನ್ ಟ್ರಾನ್ಸಿಸ್ಟರ್. ಎ7 ಎಂಬುದು ಒಂದೇ ಮೈಯೊಳಗಿನ ಎರಡು ಡಯೋಡ್. ಹೊರನೋಟಕ್ಕೆ ಎರಡೂ ಒಂದೇ. ಒಂದೇ ಸಂಕೇತವನ್ನು ಬೇರೆ ಬೇರೆ ತಯಾರಕರು ಬೇರೆ ಬೇರೆ ಬಿಡಿಭಾಗಗಳಿಗೆ ಬಳಸುವುದೂ ಉಂಟು. ಸಂಕೇತಗಳ ಪಟ್ಟಿಯಲ್ಲಿ ಮೊದಲು ಸಿಕ್ಕ ಹೆಸರನ್ನೇ ನಂಬುವುದು ಸಾಮಾನ್ಯವಾಗಿ ಆಗುವ ತಪ್ಪು. ಬೋರ್ಡಿನಿಂದ ಬಿಡಿಸಿದ ಬಿಡಿಭಾಗ ಇನ್ನೂ ಸುಸ್ಥಿತಿಯಲ್ಲಿದ್ದರೆ ಮಲ್ಟಿಮೀಟರನ್ನು ಡಯೋಡ್ ಸ್ಥಾನದಲ್ಲಿಟ್ಟು ಪರೀಕ್ಷಿಸಬಹುದು. ಕೆಂಪು ತಂತಿಯನ್ನು ಬೇಸ್‌ಗೆ ಹಿಡಿದಾಗ ಉಳಿದೆರಡು ಕಾಲುಗಳಿಗೂ ಸುಮಾರು 0.6 ರಿಂದ 0.7 ವೋಲ್ಟ್ ತೋರಿಸಿದಲ್ಲಿ ಅದು ಎನ್‌ಪಿಎನ್ ಟ್ರಾನ್ಸಿಸ್ಟರ್ ಇರುವ ಸಂಭವ ಹೆಚ್ಚು.

ಪಟ್ಟಿಯ ಗುರುತೂ ದಾರಿ ತಪ್ಪಿಸುತ್ತದೆ. ಡಯೋಡಿನಲ್ಲಿ ಪಟ್ಟಿ ಇರುವ ತುದಿ ಕ್ಯಾಥೋಡ್. ಟ್ಯಾಂಟಲಮ್ ಕೆಪಾಸಿಟರಿನಲ್ಲಿ ಅದೇ ಪಟ್ಟಿ ಪ್ಲಸ್ ತುದಿ. ತಿರುಗುಮುರುಗಾಗಿ ಕೂರಿಸಿದ ಟ್ಯಾಂಟಲಮ್ ಬೆಂಕಿ ಹೊತ್ತಿಕೊಳ್ಳಬಹುದು. ಕಂದು ಬಣ್ಣದ ಸೆರಾಮಿಕ್ ಕೆಪಾಸಿಟರ್‌ಗಳ ಮೇಲೆ ಸಾಮಾನ್ಯವಾಗಿ ಯಾವ ಬರಹವೂ ಇರುವುದಿಲ್ಲ.

ಬರಹ ಸುಟ್ಟು ಅಳಿಸಿಹೋಗಿದ್ದಲ್ಲಿ ಅದೇ ಮಾದರಿಯ ಸುಸ್ಥಿತಿಯ ಬೋರ್ಡಿನೊಂದಿಗೆ ಹೋಲಿಸಿ ನೋಡುವುದು ಉತ್ತಮ. ಅದೂ ಸಿಗದಿದ್ದರೆ ತಯಾರಕರಿಂದ ಪೂರ್ಣ ಬೋರ್ಡನ್ನೇ ಪಡೆಯುವುದು ಕ್ಷೇಮ.

ಈ ಕ್ರಮವು ಗ್ರಾಹಕರ ಸ್ವಂತ ಸ್ಟಾರ್ಟರಿಗೆ ಮಾತ್ರ ಅನ್ವಯಿಸುತ್ತದೆ. ವಿದ್ಯುತ್ ಮೀಟರಿನ ಮೊಹರು ಒಡೆದು ಒಳಗಿನ ಬೋರ್ಡನ್ನು ಮುಟ್ಟತಕ್ಕದ್ದಲ್ಲ. ಮೀಟರನ್ನು ತಿದ್ದುವುದು ವಿದ್ಯುಚ್ಛಕ್ತಿ ಅಧಿನಿಯಮ, 2003ರ ಕಲಂ 135ರ ಅಡಿ ಶಿಕ್ಷಾರ್ಹ. ಮೀಟರ್ ಕೆಟ್ಟಿದ್ದಲ್ಲಿ ಬೆಸ್ಕಾಂ ಉಪವಿಭಾಗ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸಬಹುದು ಅಥವಾ 1912ಕ್ಕೆ ಕರೆ ಮಾಡಬಹುದು.