ಟ್ರೇಲರಿನ ಮೂಕಿ, ನೇಗಿಲ ಕುಳ ಮತ್ತು ಉಕ್ಕಿನ ಬೆಸುಗೆ

ಕಬ್ಬು ತುಂಬಿದ ಟ್ರೇಲರಿನ ಮೂಕಿಯು ನಡುದಾರಿಯಲ್ಲಿ ಮುರಿದ ಸುದ್ದಿಯನ್ನು ಕೇಳದ ಗ್ರಾಮಸ್ಥರು ವಿರಳ. ಮುರಿದ ಭಾಗವನ್ನು ಪರೀಕ್ಷಿಸಿದರೆ ಅನೇಕ ವೇಳೆ ಬೆಸುಗೆಯ ಗೆರೆಯು ಅಖಂಡವಾಗಿದ್ದು, ಅದಕ್ಕೆ ತಗುಲಿದಂತಿರುವ ಉಕ್ಕು ಗಾಜಿನಂತೆ ಒಡೆದಿರುವುದು ಕಂಡುಬರುತ್ತದೆ. ಮಾಲೀಕರು ಬೆಸುಗೆಯವನನ್ನು ದೂಷಿಸುತ್ತಾರೆ. ಅವನು ಕಡ್ಡಿಯನ್ನು ದೂಷಿಸುತ್ತಾನೆ. ವಾಸ್ತವವಾಗಿ ತಪ್ಪು ಬಹುಮಟ್ಟಿಗೆ ಅದಕ್ಕಿಂತ ಮುಂಚೆಯೇ, ಗುಜರಿಯಲ್ಲಿ ಉಕ್ಕನ್ನು ಆರಿಸಿದಾಗಲೇ, ನಡೆದುಹೋಗಿರುತ್ತದೆ.

ಉಕ್ಕೆಂಬುದು ಒಂದೇ ಪದಾರ್ಥವಲ್ಲ. ಅದರಲ್ಲಿರುವ ಇಂಗಾಲದ ಪ್ರಮಾಣದಿಂದ ಅದರ ಗುಣವು ಬಹಳವಾಗಿ ಬದಲಾಗುತ್ತದೆ. ಭಾರತೀಯ ಮಾನಕ 2062ರ ಇ 250 ದರ್ಜೆಯ ಮೆದು ಉಕ್ಕಿನಲ್ಲಿ ಇಂಗಾಲವು ನೂರಕ್ಕೆ 0.23 ಭಾಗವನ್ನು ಮೀರಲಾಗದು. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಾದರೋ ಸುಮಾರು 0.5ರಿಂದ 0.6 ಭಾಗವಿರುತ್ತದೆ. ಮೊದಲನೆಯದು ಬೆಸುಗೆಗೆ ಸುಲಭವಾಗಿ ಒಗ್ಗುತ್ತದೆ. ಮಣ್ಣಿನ ಉಜ್ಜುವಿಕೆಗೆ ಮಾತ್ರ ಬೇಗ ಸವೆಯುತ್ತದೆ. ಎರಡನೆಯದು ಹರಿತವನ್ನು ಚೆನ್ನಾಗಿ ಹಿಡಿಯುತ್ತದೆ. ಬೆಸುಗೆಯನ್ನು ಸುಲಭವಾಗಿ ಸಹಿಸದು. ಆದುದರಿಂದ ಮೂಕಿಗೂ ಚೌಕಟ್ಟಿಗೂ ಮೆದು ಉಕ್ಕು, ಕುಳಕ್ಕೆ ಗಡುಸು ಉಕ್ಕು ಎಂಬುದನ್ನು ಮರೆಯಬಾರದು. ಸ್ಪ್ರಿಂಗ್ ಪಟ್ಟಿಯು ಬಲವಾದುದೆಂಬ ಒಂದೇ ಕಾರಣದಿಂದ ಅದನ್ನು ಮೂಕಿಗೆ ಬೆಸೆಯಿಸುವ ವಾಡಿಕೆಯನ್ನು ಬಿಟ್ಟುಬಿಡತಕ್ಕದ್ದು.

ಗುಜರಿಯ ತುಂಡು ಯಾವ ಜಾತಿಯದೆಂದು ತಿಳಿಯಲು ಸಾಣೆಯ ಚಕ್ರವೇ ಸಾಕು. ಮೆದು ಉಕ್ಕಿನ ಕಿಡಿಗಳು ಉದ್ದವಾದ ಗೆರೆಗಳಾಗಿ ಹಾರುತ್ತವೆ, ಸಿಡಿಯುವುದು ಕಡಿಮೆ. ಇಂಗಾಲ ಹೆಚ್ಚಾದಷ್ಟೂ ಕಿಡಿಗಳು ಕವಲೊಡೆದು ನಕ್ಷತ್ರಗಳಂತೆ ಸಿಡಿಯುತ್ತವೆ. ಗೊತ್ತಿರುವ ಎರಡು ತುಂಡುಗಳನ್ನು ಇಟ್ಟುಕೊಂಡು ಹೋಲಿಸಿ ನೋಡುವುದು ಉತ್ತಮ.

ಇನ್ನು ಒಡೆಯುವ ಕಾರಣ. ಬೆಸುಗೆಯ ಸ್ಥಳದಲ್ಲಿ ಉಕ್ಕು ಸುಮಾರು 1500 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಸುತ್ತಲಿನ ತಣ್ಣನೆಯ ಲೋಹವು ಆ ಶಾಖವನ್ನು ಕ್ಷಣಮಾತ್ರದಲ್ಲಿ ಹೀರಿಕೊಳ್ಳುತ್ತದೆ. ಕೆಂಪಗೆ ಕಾದ ಕುಳವನ್ನು ನೀರಿನಲ್ಲಿ ಅದ್ದಿದರೆ ಏನಾಗುವುದೆಂದು ನಮ್ಮ ಕಮ್ಮಾರರು ಬಲ್ಲರು. ಗಡುಸು ಉಕ್ಕಿನಲ್ಲಿ ಬೆಸುಗೆಯ ಪಕ್ಕದಲ್ಲಿಯೂ ನಡೆಯುವುದು ಅದೇ. ಇದರ ಮೇಲೆ ಕಡ್ಡಿಯ ಲೇಪನದಲ್ಲಿ ತೇವವಿದ್ದರೆ ಅದರಿಂದ ಹುಟ್ಟುವ ಜಲಜನಕವು ಲೋಹವನ್ನು ಹೊಕ್ಕು, ಕೆಲವು ಗಂಟೆಗಳ ಅಥವಾ ಒಂದೆರಡು ದಿನಗಳ ಅನಂತರ ಸೀಳನ್ನುಂಟುಮಾಡಬಹುದು. ಸಂಜೆ ನೆಟ್ಟಗೆ ಕಂಡ ಕೆಲಸಕ್ಕೆ ಸಂಜೆಯೇ ಹಣ ಕೊಟ್ಟು ಭಾರ ಹೇರುವುದು ಈ ಕಾರಣದಿಂದ ಅಪಾಯಕರ.

ಗಡುಸು ಉಕ್ಕನ್ನು ಬೆಸೆಯಲೇಬೇಕಾದರೆ ಮೊದಲು ಅದನ್ನು 200ರಿಂದ 300 ಡಿಗ್ರಿಗಳವರೆಗೆ ಕಾಯಿಸತಕ್ಕದ್ದು. ಅಳೆಯುವ ಸಾಧನವಿಲ್ಲದ ಕಡೆ ಬೆಸುಗೆಯ ಬಳಿ ಅರದಿಂದ ಉಜ್ಜಿ ಹೊಳಪು ಮಾಡಿದರೆ, ಸುಮಾರು 220 ಡಿಗ್ರಿಯಲ್ಲಿ ಆ ಹೊಳಪು ಒಣಹುಲ್ಲಿನ ಬಣ್ಣಕ್ಕೂ ಸುಮಾರು 300ರಲ್ಲಿ ನೀಲಿಗೂ ತಿರುಗುವುದು. ಕಡ್ಡಿಯು 7018ರಂತಹ, ಜಲಜನಕ ಕಡಿಮೆಯಿರುವ ಜಾತಿಯದಾಗಿರಬೇಕು. ತಯಾರಕರು ಹೇಳಿರುವ ಶಾಖದಲ್ಲಿ ಒಲೆಪೆಟ್ಟಿಗೆಯಲ್ಲಿ ಒಣಗಿಸಿರಬೇಕು. ಬಿಸಿಲಿನಲ್ಲಿ ಹರವಿದ ಮಾತ್ರಕ್ಕೆ ಅದು ಒಣಗಿದಂತಲ್ಲ. ಮುಗಿದ ಕೆಲಸವನ್ನು ಒಣಬೂದಿಯಲ್ಲಿ ಹೂತು ನಿಧಾನವಾಗಿ ಆರಗೊಡಬೇಕು. ಅವಸರಕ್ಕೆ ನೀರೆರಚಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಮೆದು ಉಕ್ಕಿಗೂ ನಿಯಮವುಂಟು. ಭಾರತೀಯ ಮಾನಕ 816ರಂತೆ 10ರಿಂದ 20 ಮಿಲಿಮೀಟರ್ ದಪ್ಪದ ತಗಡಿನ ಮೂಲೆಬೆಸುಗೆಯು 5 ಮಿಲಿಮೀಟರಿಗೆ ಕಡಿಮೆಯಿರಬಾರದು. ದಪ್ಪ ತಗಡಿಗೆ ಸಣ್ಣ ಗೆರೆಯೆಳೆದರೆ ಅದು ಅತಿ ಬೇಗ ತಣಿದು ಬಿರಿಯುತ್ತದೆ.

ಕುಳಕ್ಕೆ ಹದ ಕೊಡುವುದು ಬೆಸುಗೆಯ ನಂತರ, ಮುಂಚೆಯಲ್ಲ. ಅಂಚನ್ನು ಸೂಜಿಗಲ್ಲಿಗೆ ಅಂಟದಷ್ಟು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಉಜ್ಜಿ, ಒಣಹುಲ್ಲಿನ ಬಣ್ಣವು ಕಂದಿಗೆ ತಿರುಗುವವರೆಗೆ ಪುನಃ ಮೆಲ್ಲನೆ ಕಾಯಿಸಿ ನಿಲ್ಲಿಸುವುದು. ಈ ಎರಡನೆಯ ಕಾವನ್ನು ಬಿಟ್ಟ ಕುಳವು ಮೊದಲ ಕಲ್ಲಿಗೇ ಮುರಿಯುವ ಸಂಭವವುಂಟು.

ಮೂಕಿಯ ಕೊಂಡಿಗೆ ಕಟ್ಟಡದ ಟಿ.ಎಂ.ಟಿ. ಸರಳನ್ನು ಕಡೆದು ಹಾಕುವವರಿದ್ದಾರೆ. ಆ ಸರಳಿನ ಬಲದ ಹೆಚ್ಚು ಭಾಗವು ಹೊರಪದರದಲ್ಲಿದೆ. ಕಡೆದರೆ ಅದೇ ಹೋಗುತ್ತದೆ. ತಯಾರಕರ ಕೊಂಡಿಯನ್ನೇ ಕೊಳ್ಳುವುದು ಮೇಲು. ಟ್ರೇಲರಿನ ಮುರಿದ ಸ್ಪ್ರಿಂಗ್ ಪಟ್ಟಿಯನ್ನಂತೂ ಬೆಸೆಯಿಸದೆ ಬದಲಾಯಿಸತಕ್ಕದ್ದು. ಕುಳವನ್ನು ಸಾಧ್ಯವಿದ್ದಲ್ಲಿ ನೇಗಿಲಿಗೆ ಬೋಲ್ಟಿನಿಂದಲೇ ಕೂಡಿಸಿದರೆ, ಸವೆದಾಗ ಬಿಚ್ಚಿ ಹೊಸದನ್ನು ಹಾಕಬಹುದು. ಬೆಸುಗೆಯ ಗೊಡವೆಯೇ ಬೇಡ.