ಬಾಲಗಾಯಕರ ಯೂರೋವಿಷನ್

ಟೆಲಿವಿಷನ್ನಿನ ಮಕ್ಕಳ ಸಂಗೀತ ಸ್ಪರ್ಧೆಗಳನ್ನು ನೋಡದವರು ನಮ್ಮಲ್ಲಿ ವಿರಳ. 2008ರಲ್ಲಿ ನಮ್ಮ ಅಹಮದಾಬಾದಿನ ಐಶ್ವರ್ಯಾ ಮಜಮುದಾರ್ ಅವರು ಬಾಲಕಿಯಾಗಿದ್ದಾಗಲೇ ‘ಛೋಟೇ ಉಸ್ತಾದ್’ ಸ್ಪರ್ಧೆಯಲ್ಲಿ ಜಯಗಳಿಸಿದರು. ಆದರೆ ಆ ವೇದಿಕೆಯಲ್ಲಿ ಕೇಳಿಬಂದ ಹಾಡುಗಳು ಬಹುಮಟ್ಟಿಗೆ ಹಿಂದಿಯವು; ಅದೂ ಚಲಚ್ಚಿತ್ರಗಳಲ್ಲಿ ಆಗಲೇ ಜನಪ್ರಿಯವಾಗಿದ್ದವು.

ಯೂರೋಪಿನಲ್ಲಿ ಬೇರೊಂದು ಪದ್ಧತಿಯುಂಟು. ಅಲ್ಲಿಯ ಪ್ರಸಾರ ಸಂಸ್ಥೆಗಳ ಒಕ್ಕೂಟವು 2003ರಿಂದ ‘ಜೂನಿಯರ್ ಯೂರೋವಿಷನ್’ ಎಂಬ ಸ್ಪರ್ಧೆಯನ್ನು ಏರ್ಪಡಿಸುತ್ತಿದೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ನಡೆದ ಮೊದಲ ಸ್ಪರ್ಧೆಯಲ್ಲಿ 16 ದೇಶಗಳು ಭಾಗವಹಿಸಿದ್ದವು. ಕ್ರೊಯೇಷಿಯಾದ 11 ವರ್ಷದ ಬಾಲಕನೊಬ್ಬನು ಗೆದ್ದನು. ಈಗ 9ರಿಂದ 14 ವರ್ಷದವರಿಗೆ ಪ್ರವೇಶವಿದೆ. ಹಾಡು ಹೊಸದಾಗಿರಬೇಕು, 3 ನಿಮಿಷಗಳನ್ನು ಮೀರಬಾರದು. 2017ರಿಂದ, ತೀರ್ಪುಗಾರರ ಅಂಕಗಳ ಜೊತೆಗೆ ಪ್ರೇಕ್ಷಕರೂ ಮತ ನೀಡುತ್ತಾರೆ. ಸ್ವದೇಶಕ್ಕೆ ಮತ ಹಾಕಬಹುದು. ಆದರೆ ಕನಿಷ್ಠಪಕ್ಷ 3 ದೇಶಗಳನ್ನು ಆರಿಸಲೇಬೇಕು. ನ್ಯಾಯವಾದ ಏರ್ಪಾಡೇ ಸರಿ.

ಇವೆಲ್ಲಕ್ಕಿಂತ ಗಮನಾರ್ಹವಾದ ನಿಯಮ ಮತ್ತೊಂದಿದೆ. ಹಾಡಿನ ಬಹುಭಾಗವು ಆಯಾ ದೇಶದ ಭಾಷೆಯಲ್ಲಿಯೇ ಇರತಕ್ಕದ್ದು. ಮನೆಯಲ್ಲಿ ಕನ್ನಡ, ಮಣಿನಗರದ ಬೀದಿಯಲ್ಲಿ ಗುಜರಾತಿ ಎಂದು ಬಾಳುವ ನಮಗೆ ಇದರ ಬೆಲೆ ಬೇಗ ತಿಳಿಯುವುದು. ಜಾರ್ಜಿಯಾ ದೇಶದ ಜನಸಂಖ್ಯೆ 40 ಲಕ್ಷವನ್ನೂ ಮುಟ್ಟದು. ಅದರ ಲಿಪಿಯನ್ನು ಹೊರಗಿನವರು ಓದಲಾರರು. ಆದರೂ ಆ ದೇಶವು 2008, 2011, 2016, 2024ರಲ್ಲಿ, ನಾಲ್ಕು ಸಲ ಗೆದ್ದಿದೆ. ಕನ್ನಡವನ್ನು ಮಾತೃಭಾಷೆಯೆಂದು ಬರೆಯಿಸಿದವರಾದರೋ 2011ರ ಜನಗಣತಿಯಲ್ಲಿಯೇ 4 ಕೋಟಿ 37 ಲಕ್ಷ!

ಅಂದ ಹಾಗೆ, 2008ರ ಆ ಗೆಲುವಿನ ಹಾಡು ಜಾರ್ಜಿಯನ್ ಭಾಷೆಯದೂ ಅಲ್ಲ. ಮೂವರು ಮಕ್ಕಳು ಜೇನುಹುಳುಗಳ ವೇಷ ತೊಟ್ಟು, ಝೇಂಕಾರ ಬೆರೆತ ಒಂದು ಕಲ್ಪಿತ ಭಾಷೆಯಲ್ಲಿ ಅದನ್ನು ಹಾಡಿದ್ದರು.